58 ಗುಳ್ಳೆ, ಒಂದು ಕಪ್ಪು ಹಕ್ಕಳೆ: ಚಿಗ್ಗರ್ ಕಡಿತದ ಪ್ರಕರಣವೊಂದು

ಬುಧವಾರ ಬೆಳಿಗ್ಗೆ ಬಂದವರು ಕುಳಿತುಕೊಳ್ಳುವ ಮೊದಲೇ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟರು. "ಹುಳ ಇದರಲ್ಲಿದೆ ಡಾಕ್ಟರೇ, ನೀವೇ ನೋಡಿ" ಎಂದರು. ಚರ್ಮದ ಕಾಯಿಲೆ ನೋಡುವವರಿಗೆ ಬೆಂಕಿಪೊಟ್ಟಣ ಕಂಡರೆ ಒಳಗೊಳಗೇ ಒಂದು ಅನುಮಾನ ಏಳುತ್ತದೆ. ಮೈಮೇಲೆ ಹುಳ ಹರಿಯುತ್ತಿದೆ ಎಂಬ ಭ್ರಮೆಗೆ ಬಿದ್ದವರು ನೂಲು, ಹೊಟ್ಟು, ಧೂಳನ್ನು ಹೀಗೆಯೇ ಜೋಪಾನವಾಗಿ ಕಟ್ಟಿಕೊಂಡು ಬರುತ್ತಾರೆ. ಆ ಲಕ್ಷಣಕ್ಕೆ ವೈದ್ಯರು ಬೆಂಕಿಪೊಟ್ಟಣದ ಹೆಸರನ್ನೇ ಇಟ್ಟಿದ್ದಾರೆ. ಭೂತಗನ್ನಡಿ ಹಿಡಿದು ನೋಡಿದೆ. ನೀಲಿ ನೂಲಿನ ಒಂದು ಚೂರು, ಒಣಗಿದ ಹಕ್ಕಳೆ, ಯಾವುದೋ ಇರುವೆಯ ಕಾಲು. ಹುಳ ಇರಲಿಲ್ಲ. ಆದರೆ ಅವರು ಅಂಗಿ ಎತ್ತಿದಾಗ ಕಂಡದ್ದು ಭ್ರಮೆಯಾಗಿರಲಿಲ್ಲ.

ಪ್ಯಾಂಟಿನ ಸೊಂಟಪಟ್ಟಿ ಕೂರುವ ಜಾಗದಲ್ಲಿ ಹೊಟ್ಟೆಯಿಂದ ಬೆನ್ನಿನವರೆಗೂ ಕೆಂಪು ಗುಳ್ಳೆಗಳು ಸಾಲುಗಟ್ಟಿದ್ದವು. ಕೆಲವು ಸಾಸಿವೆಯಷ್ಟು, ಕೆಲವು ಕಡಲೆಯಷ್ಟು. ಹಲವದರ ನಡುವೆ ಸೂಜಿಮೊನೆಯಷ್ಟು ಗಾಢ ಕೆಂಪು ಚುಕ್ಕೆ. ಹತ್ತು ಹನ್ನೆರಡು ಗುಳ್ಳೆಗಳು ಮಾತ್ರ ವಿಚಿತ್ರವಾಗಿ ಹೊಳೆಯುತ್ತಿದ್ದವು. ಅದು ಕಾಯಿಲೆಯ ಹೊಳಪಲ್ಲ, ಹೆಂಡತಿಯ ಉಗುರುಬಣ್ಣದ್ದು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಒಟ್ಟು ಎಣಿಸಿದೆ. ಸೊಂಟದ ಸುತ್ತ 23, ಕಾಲುಚೀಲದ ಅಂಚು ಬಿಗಿಯುವಲ್ಲಿ 14, ಮೊಣಕಾಲಿನ ಹಿಂದಿನ ಮಡಿಕೆಗಳಲ್ಲಿ 9, ತೊಡೆಸಂದಿನಲ್ಲಿ ಮತ್ತು ಒಳ ಉಡುಪಿನ ಅಂಚಿನಲ್ಲಿ 12. ಅಲ್ಲಿಗೆ 58. ಮುಖ, ಕುತ್ತಿಗೆ, ಕೈಗಳಲ್ಲಿ ಒಂದೂ ಇಲ್ಲ. ಬೆರಳಸಂದುಗಳು ಸ್ವಚ್ಛ.

ಎಣಿಸುವುದು ಕೆಲಸವಿಲ್ಲದವರ ಚಟದಂತೆ ಕಾಣಬಹುದು. ಆದರೆ ಕಡಿತದ ಪ್ರಕರಣಗಳಲ್ಲಿ ಒಂದೊಂದು ಗುಳ್ಳೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಹೇಳುವುದು ಕಡಿಮೆ. ಸೊಳ್ಳೆಯದೂ ಕೆಂಪು, ತಿಗಣೆಯದೂ ಕೆಂಪು. ಗುಳ್ಳೆಗಳೆಲ್ಲ ಮೈಮೇಲೆ ಎಲ್ಲಿ ಹಂಚಿಕೊಂಡಿವೆ, ಯಾವ ಹೊತ್ತಿನಲ್ಲಿ ಎದ್ದವು ಎಂಬ ಎರಡು ಸಂಗತಿ ಸಿಕ್ಕಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಆಗಿದ್ದು ಇಷ್ಟು. ಭಾನುವಾರ ಗಂಡ ಹೆಂಡತಿ ಇಬ್ಬರೂ ಒಂದು ಪಾಳುಜಾಗ ನೋಡಲು ಹೋಗಿದ್ದರು. ಮೊಣಕಾಲೆತ್ತರದ ಹುಲ್ಲು, ಅಂಚಿನಲ್ಲಿ ಪೊದೆಗಳು. ಗಂಡ ಅಳತೆಪಟ್ಟಿ ಹಿಡಿದು ಮೂರು ಗಂಟೆ ಅಲ್ಲೇ ಓಡಾಡಿದ್ದರು, ಹಲವು ಬಾರಿ ಹುಲ್ಲಿನ ಮೇಲೆಯೇ ಕೂತು ಲೆಕ್ಕ ಬರೆದುಕೊಂಡಿದ್ದರು. ಹೆಂಡತಿ ಬಿದ್ದ ಮರದ ದಿಮ್ಮಿಯೊಂದರ ಮೇಲೆ ಅರ್ಧ ಗಂಟೆ ಕುಳಿತಿದ್ದರು, ಉಳಿದಂತೆ ನಿಂತೇ ಇದ್ದರು. ಮನೆಗೆ ಬಂದು ಸುಸ್ತಾಗಿ, ಸ್ನಾನ ಮಾಡದೆ ಅದೇ ಬಟ್ಟೆಯಲ್ಲಿ ಮಲಗಿಬಿಟ್ಟರು. ಸಂಜೆ ಎದ್ದಾಗ ಗಂಡನ ಸೊಂಟದಲ್ಲಿ ನವೆ ಶುರುವಾಗಿತ್ತು. ಸೋಮವಾರ ಬೆಳಿಗ್ಗೆ ಗುಳ್ಳೆ. ಮಂಗಳವಾರ ರಾತ್ರಿ ನಿದ್ದೆಯೇ ಇಲ್ಲ.

ಇವರ ತೀರ್ಮಾನ: ತಿಗಣೆ. ಮಲಗಿ ಎದ್ದ ಮೇಲೆ ಕಂಡದ್ದಲ್ಲವೇ! ಸೋಮವಾರವಿಡೀ ಹಾಸಿಗೆ ಬಿಸಿಲಿಗೆ ಹಾಕಿ, ಮಂಚ ಬಿಚ್ಚಿ, ಕೋಣೆಗೆಲ್ಲ ಕೀಟನಾಶಕ ಹೊಡೆದಿದ್ದರು. ಕೋಣೆಯ ವಾಸನೆಗೆ ತಲೆನೋವು ಬಂದದ್ದು ಲಾಭ.

ತಿಗಣೆ ಬಟ್ಟೆ ಮುಚ್ಚದ ಚರ್ಮವನ್ನು ಹುಡುಕುತ್ತದೆ: ತೋಳು, ಕುತ್ತಿಗೆ, ಮುಖ. ಇವರಿಗೆ ಆ ಜಾಗಗಳೆಲ್ಲ ಖಾಲಿ. ತುರಿಕಜ್ಜಿಯಾಗಿದ್ದರೆ ಬೆರಳಸಂದು, ಮಣಿಕಟ್ಟು ಬಿಡುತ್ತಿರಲಿಲ್ಲ. ಅದು ಮೊದಲ ಬಾರಿ ತಗುಲಿದಾಗ ತುರಿಕೆ ಕಾಣಿಸಿಕೊಳ್ಳಲು ಹಲವು ವಾರ ಬೇಕು, ಒಂದೇ ರಾತ್ರಿಯಲ್ಲಿ ಹೀಗೆ ಮುತ್ತುವುದಿಲ್ಲ. ಚಿಗಟ ಬಹುಪಾಲು ಮೊಣಕಾಲಿನ ಕೆಳಗೇ ಕಚ್ಚುತ್ತದೆ. ಎಲಾಸ್ಟಿಕ್ ಪಟ್ಟಿಯ ಅಲರ್ಜಿ ಇರಬಹುದೇ ಎಂದು ಒಂದು ಕ್ಷಣ ಯೋಚಿಸಿದೆ. ಹಾಗಿದ್ದರೆ ಚರ್ಮ ಪಟ್ಟಿಯ ಅಗಲಕ್ಕೂ ಒಂದೇ ಸಮ ಕೆಂಪಾಗಬೇಕಿತ್ತು, ಇಲ್ಲಿ ಬಿಡಿ ಬಿಡಿ ಗುಳ್ಳೆಗಳು. ಉಳಿದದ್ದು ಹುಲ್ಲಿನಿಂದ ಹತ್ತಿ, ಮೈಮೇಲೆ ನಡೆದು, ಬಿಗಿಯಾದ ಬಟ್ಟೆ ಎದುರಾದಲ್ಲಿ ನಿಂತು ಕಚ್ಚುವ ಜೀವಿ. ಚಿಗ್ಗರ್.

ಹೆಸರು ಕೇಳಿ ಅವರು "ಚಿಗಟವೇ?" ಎಂದರು. ಅಲ್ಲ. ಕಿವಿಗೆ ಹತ್ತಿರವಾದರೂ ಇವೆರಡರ ಕುಲವೇ ಬೇರೆ. ಚಿಗಟ ಕೀಟ. ಚಿಗ್ಗರ್ ಎನ್ನುವುದು ಟ್ರೊಂಬಿಕ್ಯುಲಿಡ್ ಎಂಬ ಕುಟುಂಬದ ನುಸಿಯ ಮರಿ. ಜೇಡ, ಉಣ್ಣಿಗಳ ಕಡೆಯ ಸಂಬಂಧ. ಬೆಳೆದ ನುಸಿಗೆ ಎಂಟು ಕಾಲು, ಮರಿಗೆ ಆರೇ. ಬೆಳೆದದ್ದು ಮಣ್ಣಿನಲ್ಲಿ ಕೀಟಗಳ ಮೊಟ್ಟೆ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ, ನಮ್ಮ ಗೊಡವೆಗೆ ಬರುವುದಿಲ್ಲ. ಮರಿ ಮಾತ್ರ ಜೀವನದಲ್ಲಿ ಒಂದೇ ಒಂದು ಊಟಕ್ಕಾಗಿ ಇಲಿ, ಹಕ್ಕಿ, ಓತಿಕ್ಯಾತ, ಇಲ್ಲವೇ ಮನುಷ್ಯ, ಯಾರು ಸಿಕ್ಕಿದರೆ ಅವರ ಮೇಲೆ ಹತ್ತುತ್ತದೆ. ಗಾತ್ರ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದ ಆಸುಪಾಸು. ಕಿತ್ತಳೆಗೆಂಪು ಬಣ್ಣ. ಬರಿಗಣ್ಣಿಗೆ ಕಂಡರೂ ಧೂಳಿನ ಕಣ ಎಂದು ಕೊಡವಿಬಿಡುವಷ್ಟು.

ಹತ್ತಿದ ತಕ್ಷಣ ಅದು ಕಚ್ಚುವುದಿಲ್ಲ. ತೆಳುವಾದ ಚರ್ಮ ಹುಡುಕುತ್ತ ಗಂಟೆಗಟ್ಟಲೆ ಅಲೆಯುತ್ತದೆ, ಏಕೆಂದರೆ ಅದರ ಬಾಯಿಯ ಭಾಗಗಳು ಬಲು ಗಿಡ್ಡ. ಕಾಲುಚೀಲದ ಅಂಚೋ ಸೊಂಟಪಟ್ಟಿಯೋ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಭಾನುವಾರ ಮಧ್ಯಾಹ್ನ ಮನೆಗೆ ಬಂದೊಡನೆ ಸೋಪು ಹಚ್ಚಿ ಒರಟು ಬಟ್ಟೆಯಲ್ಲಿ ಉಜ್ಜಿ ಸ್ನಾನ ಮಾಡಿದ್ದರೆ ಈ 58ರಲ್ಲಿ ಬಹಳಷ್ಟು ಇರುತ್ತಿರಲಿಲ್ಲ.

ಕಚ್ಚಿದ ಮೇಲೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ತಪ್ಪು ಚಿಕಿತ್ಸೆಗಳೆಲ್ಲ ಹುಟ್ಟುವುದು ಇಲ್ಲಿಯೇ. ಚಿಗ್ಗರ್ ರಕ್ತ ಹೀರುವುದಿಲ್ಲ. ಚರ್ಮದೊಳಗೆ ಕೊರೆದು ಹೋಗುವುದೂ ಇಲ್ಲ. ಮೇಲ್ಚರ್ಮಕ್ಕೆ ಬಾಯಿ ಊರಿ ಜೊಲ್ಲು ಬಿಡುತ್ತದೆ. ಆ ಜೊಲ್ಲಿನಲ್ಲಿರುವ ಕಿಣ್ವಗಳು ನಮ್ಮ ಜೀವಕೋಶಗಳನ್ನು ಕರಗಿಸಿ ಗಂಜಿಯಂತೆ ಮಾಡುತ್ತವೆ. ಸುತ್ತಲಿನ ಚರ್ಮ ಗಟ್ಟಿಯಾಗಿ ಒಂದು ಸಣ್ಣ ನಳಿಗೆ ರೂಪುಗೊಳ್ಳುತ್ತದೆ. ನುಸಿ ಆ ನಳಿಗೆಯ ಮೂಲಕ ಗಂಜಿ ಕುಡಿಯುತ್ತದೆ. ಯಾರೂ ಕೆಣಕದಿದ್ದರೆ ಮೂರು ನಾಲ್ಕು ದಿನ ಹೀಗೇ ಕೂತಿರುತ್ತದೆ, ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ. ಮನುಷ್ಯನ ಮೇಲೆ ಅಷ್ಟು ದಿನ ಉಳಿಯುವ ಭಾಗ್ಯ ಅದಕ್ಕೆ ಸಿಗುವುದು ಅಪರೂಪ. ಮೊದಲ ಕೆಲವು ಗಂಟೆ ಏನೂ ತಿಳಿಯುವುದಿಲ್ಲ, ನಂತರ ನವೆ ಶುರುವಾಗುತ್ತದೆ, ನಾವು ಕೆರೆಯುತ್ತೇವೆ, ಮೊದಲ ಕೆರೆತಕ್ಕೇ ನುಸಿ ಕಿತ್ತುಹೋಗುತ್ತದೆ. ನಳಿಗೆ ಮತ್ತು ಜೊಲ್ಲು ಚರ್ಮದಲ್ಲೇ ಉಳಿಯುತ್ತವೆ. ನಮ್ಮ ದೇಹ ಅವುಗಳ ಮೇಲೆ ಯುದ್ಧ ಹೂಡುತ್ತದೆ. ಒಂದೆರಡು ದಿನಗಳಲ್ಲಿ ನವೆ ನೆತ್ತಿಗೇರುವುದು ಹೀಗೆ.

ಗುಳ್ಳೆಯ ನಡುವಿನ ಕೆಂಪು ಚುಕ್ಕೆಯನ್ನು ಹುಳ ಎಂದುಕೊಳ್ಳುವವರು ಬಹಳ. ಇವರೂ ಹಾಗೆಯೇ ಅಂದುಕೊಂಡು, ಉಸಿರುಗಟ್ಟಿಸಿ ಕೊಲ್ಲಲು ಉಗುರುಬಣ್ಣ ಬಳಿದಿದ್ದರು. ಉಸಿರುಗಟ್ಟಲು ಅಲ್ಲಿ ಯಾರೂ ಇರಲಿಲ್ಲ. ಈ ನಂಬಿಕೆಗೆ ಒಂದು ಮೂಲ ಇದ್ದಂತಿದೆ: ಅಮೆರಿಕ ಮತ್ತು ಆಫ್ರಿಕಾ ಖಂಡಗಳ ಉಷ್ಣಪ್ರದೇಶಗಳಲ್ಲಿ ಜಿಗ್ಗರ್ ಅಥವಾ ಚಿಗೊ ಎಂಬ ಚಿಗಟವಿದೆ, ಅದರ ಹೆಣ್ಣು ನಿಜವಾಗಿಯೂ ಕಾಲಿನ ಚರ್ಮ ಕೊರೆದು ಒಳಗೆ ಕೂರುತ್ತದೆ. ಹೆಸರು ಕಲಸಿಹೋಗಿ ಅದರ ಅಪವಾದ ಇದಕ್ಕೆ ಅಂಟಿದೆ. ಸೂಜಿಯಿಂದ ಕೀಳುವುದು, ಸೀಮೆಎಣ್ಣೆ, ಬ್ಲೀಚ್ ಹಚ್ಚುವುದು ಎಲ್ಲ ಅದೇ ತಪ್ಪು ಲೆಕ್ಕದ ಮುಂದುವರಿಕೆ. ನುಸಿ ಇಲ್ಲದ ಜಾಗದಲ್ಲಿ ಚರ್ಮ ಸುಡುತ್ತದೆ, ಅಷ್ಟೆ.

ಚಿಕಿತ್ಸೆ ಏನು ಕೊಟ್ಟೆ? ಉಗುರುಬಣ್ಣವನ್ನು ಅಸಿಟೋನಿನಿಂದ ತೆಗೆಯಬೇಡಿ, ಕೆರೆದು ಒಡೆದ ಚರ್ಮಕ್ಕೆ ಅದು ಉರಿ. ಸೋಪು ಮತ್ತು ಉಗುರುಬೆಚ್ಚನೆಯ ನೀರಿಗೆ ತಾನೇ ಏಳಲಿ ಎಂದೆ. ಸೊಂಟಕ್ಕೂ ಕಾಲಿಗೂ ಮಧ್ಯಮ ಶಕ್ತಿಯ ಸ್ಟೀರಾಯ್ಡ್ ಮುಲಾಮು, ಮೊಮೆಟಸೋನ್, ದಿನಕ್ಕೊಮ್ಮೆ ತೆಳುವಾಗಿ ಗುಳ್ಳೆಯ ಮೇಲೆ ಮಾತ್ರ, ಏಳು ದಿನ. ತೊಡೆಸಂದಿಗೆ ಅದನ್ನು ತಾಗಿಸಬಾರದು. ಅಲ್ಲಿನ ಚರ್ಮ ತೆಳು, ಮಡಿಕೆಯೊಳಗೆ ಮುಲಾಮು ಹೆಚ್ಚು ಹೀರಿಕೊಳ್ಳುತ್ತದೆ. ಅಲ್ಲಿಗೆ ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಸಾಕು. ನವೆಗೆ ನುಂಗುವ ಮಾತ್ರೆ: ಹಗಲಿಗೆ ನಿದ್ದೆ ತರಿಸದ ಫೆಕ್ಸೊಫೆನಡಿನ್, ರಾತ್ರಿಗೆ ಹೈಡ್ರಾಕ್ಸಿಝೀನ್. ರಾತ್ರಿಯ ಮಾತ್ರೆ ನುಂಗಿದ ಮೇಲೆ ವಾಹನ ಓಡಿಸುವಂತಿಲ್ಲ. ನವೆ ತಡೆಯಲಾಗದಾಗ ಉಗುರಿನ ಬದಲು ತಣ್ಣೀರಲ್ಲಿ ಅದ್ದಿದ ಬಟ್ಟೆ, ಇಲ್ಲವೇ ಕ್ಯಾಲಮಿನ್. ಉಗುರು ಕತ್ತರಿಸಿಕೊಳ್ಳಿ ಎಂದಾಗ ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಉಗುರಿನ ಅಡಿಯಲ್ಲಿ ಒಣಗಿದ ರಕ್ತವಿತ್ತು.

ಬಲಗಾಲಿನ ಹರಡಿನ ಬಳಿ ಒಂದು ಗುಳ್ಳೆ ಮಾತ್ರ ಬೇರೆ ತೆರನಾಗಿತ್ತು. ಜೇನಿನ ಬಣ್ಣದ ಹೊಪ್ಪಳೆ, ಸುತ್ತ ಬಿಸಿ, ಒತ್ತಿದರೆ ನೋವು. ನವೆಯ ಜಾಗದಲ್ಲಿ ನೋವು ಬಂದರೆ ಅದು ನುಸಿಯ ಕೆಲಸವಲ್ಲ, ಉಗುರಿನಿಂದ ಸೇರಿದ ಬ್ಯಾಕ್ಟೀರಿಯಾದ್ದು. ಅದಕ್ಕೆ ಸ್ಟೀರಾಯ್ಡ್ ಹಚ್ಚದೆ ಮ್ಯುಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮು ಕೊಟ್ಟೆ. ಕೆಂಪು ಹರಡುತ್ತ ಹೋದರೆ, ಕೀವು ತುಂಬಿದರೆ, ಕಾಲಿನುದ್ದಕ್ಕೂ ಕೆಂಪು ಗೆರೆ ಮೇಲೇರಿದರೆ ಅದೇ ದಿನ ಬರಬೇಕು ಎಂದೆ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದರೆ ಸಾಕು. ಮನೆಗೆ ಔಷಧ ಹೊಡೆಯುವ ಅಗತ್ಯವಿಲ್ಲ. ಈ ನುಸಿ ಹಾಸಿಗೆಯಲ್ಲಿ ಸಂಸಾರ ಹೂಡುವುದಿಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದೂ ಇಲ್ಲ.

(ಮಕ್ಕಳಿರುವವರಿಗೆ ಇಲ್ಲೊಂದು ಮಾತು. ಹುಲ್ಲಿನಲ್ಲಿ ಆಡಿ ಬಂದ ಗಂಡುಮಗುವಿನ ಶಿಶ್ನ ಇದ್ದಕ್ಕಿದ್ದಂತೆ ಊದಿಕೊಂಡು ತುರಿಸಿದರೆ ಚಿಗ್ಗರ್ ಕಡಿತದ ಅಲರ್ಜಿಯೂ ಕಾರಣವಾಗಿರಬಹುದು. ಮೂತ್ರ ಹೋಗಲು ಕಷ್ಟವಾದರೆ ವೈದ್ಯರಿಗೆ ತೋರಿಸಲೇಬೇಕು.)

ಶುಕ್ರವಾರ ಫೋನ್ ಬಂತು. "ಮುಲಾಮು ಹಚ್ಚಿ ಎರಡು ದಿನವಾಯಿತು, ಇನ್ನೂ ತುರಿಸುತ್ತಿದೆ. ಔಷಧ ಬದಲಾಯಿಸುತ್ತೀರಾ?" ತಪ್ಪು ನನ್ನದು. ಚರ್ಮದಲ್ಲಿ ಉಳಿದ ನಳಿಗೆಯನ್ನು ದೇಹ ಕರಗಿಸಿ ಮುಗಿಸುವವರೆಗೆ, ಅಂದರೆ ಒಂದರಿಂದ ಎರಡು ವಾರ, ಗುಳ್ಳೆ ಪೂರ್ತಿ ಹೋಗುವುದಿಲ್ಲ. ಮುಲಾಮು ನವೆಯನ್ನು ತಗ್ಗಿಸುತ್ತದೆಯೇ ಹೊರತು ಅಳಿಸುವುದಿಲ್ಲ ಎಂದು ಮೊದಲ ದಿನವೇ ಹೇಳಬೇಕಿತ್ತು. ಹೇಳಿದ ಮೇಲೆ ಅವರು ಸಮಾಧಾನಗೊಂಡರು. ಮುಂದಿನ ಭಾನುವಾರಕ್ಕೆ ನಿದ್ದೆ ಸರಿಹೋಗಿತ್ತು, ಹತ್ತನೆಯ ದಿನಕ್ಕೆ ಕಂದು ಕಲೆಗಳಷ್ಟೇ ಉಳಿದಿದ್ದವು.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಹನ್ನೆರಡನೆಯ ದಿನ ಅವರು ಮತ್ತೆ ಬಂದರು. ಈ ಸಲ ಕುರ್ಚಿಯಲ್ಲಿ ಕುಳಿತವರು ಹೆಂಡತಿ. ನಾಲ್ಕು ದಿನದಿಂದ ಜ್ವರ, 103 ಡಿಗ್ರಿ. ಹಣೆ ಸೀಳುವಂಥ ತಲೆನೋವು, ಬೆಳಕು ನೋಡಲಾಗದು, ತೊಡೆ ಬೆನ್ನು ಹಿಂಡಿದಂತೆ ನೋವು. ಬೇರೆಡೆ ತೋರಿಸಿ ಡೆಂಗಿ ಪರೀಕ್ಷೆ ಮಾಡಿಸಿದ್ದರು, ಇಲ್ಲ ಎಂದು ಬಂದಿತ್ತು. ಸೆಫಲೊಸ್ಪೋರಿನ್ ಗುಂಪಿನ ಆಂಟಿಬಯಾಟಿಕ್ ಮೂರು ದಿನ ನುಂಗಿದ್ದರು, ಜ್ವರ ಕದಲಿರಲಿಲ್ಲ.

"ನಿಮಗೂ ಕಚ್ಚಿತ್ತೇ?"

"ಇಲ್ಲ ಡಾಕ್ಟರೇ. ಕಚ್ಚಿದ್ದೆಲ್ಲ ಇವರಿಗೆ. ನನಗೆ ಒಂದು ಚೂರೂ ತುರಿಸಲಿಲ್ಲ."

ಪರದೆಯ ಹಿಂದೆ ನಮ್ಮ ನರ್ಸ್ ಜೊತೆಯಲ್ಲಿದ್ದು ಅಡಿಯಿಂದ ಮುಡಿಯವರೆಗೆ ನೋಡಿದೆವು. ಕಂಕುಳು, ತೊಡೆಸಂದು, ಸ್ತನದ ಕೆಳಗಿನ ಮಡಿಕೆ, ಕಿವಿಯ ಹಿಂದೆ, ಕೂದಲಿನ ನಡುವೆ. ಕಂಡದ್ದು ಬೆನ್ನಿನಲ್ಲಿ, ಒಳ ಉಡುಪಿನ ಪಟ್ಟಿಯ ಅಡಿಯಲ್ಲಿ. ಸಿಗರೇಟಿನ ತುದಿ ಒತ್ತಿ ಸುಟ್ಟಂತೆ, ಎಂಟು ಮಿಲಿಮೀಟರ್ ಅಗಲದ ಕಪ್ಪು ಹಕ್ಕಳೆ, ಅಂಚಿಗೆ ತೆಳು ಕೆಂಪು ಬಳೆ. ಒತ್ತಿದರೆ ನೋವಿಲ್ಲ, ನವೆಯಿಲ್ಲ. ಪಟ್ಟಿ ಉಜ್ಜಿ ಆದ ಗಾಯ ಎಂದುಕೊಂಡು ಅವರು ಮರೆತೇಬಿಟ್ಟಿದ್ದರು. ಅದೇ ಬದಿಯ ಕಂಕುಳಲ್ಲಿ ದುಗ್ಧಗ್ರಂಥಿ ಊದಿ ಗೋಲಿಯಂತೆ ಕೈಗೆ ಸಿಗುತ್ತಿತ್ತು.

ಸ್ಕ್ರಬ್ ಟೈಫಸ್. ಕಾರಣ ಓರಿಯೆನ್ಶಿಯಾ ತ್ಸುತ್ಸುಗಮುಶಿ ಎಂಬ ಬ್ಯಾಕ್ಟೀರಿಯಾ. ಲೆಪ್ಟೊಟ್ರೊಂಬಿಡಿಯಂ ಎಂಬ ಕೆಲವು ಜಾತಿಯ ಚಿಗ್ಗರ್‌ಗಳು ಅದನ್ನು ಹೊತ್ತಿರುತ್ತವೆ. ಮರಿ ಜೀವನದಲ್ಲಿ ಒಮ್ಮೆ ಮಾತ್ರ ಉಣ್ಣುವುದರಿಂದ ಒಬ್ಬರಿಂದ ಹೀರಿ ಇನ್ನೊಬ್ಬರಿಗೆ ದಾಟಿಸುವ ಅವಕಾಶ ಅದಕ್ಕಿಲ್ಲ. ಸೋಂಕು ತಾಯಿನುಸಿಯಿಂದ ಮೊಟ್ಟೆಗೇ ಇಳಿದು ಬಂದಿರುತ್ತದೆ. ಪಶ್ಚಿಮದಲ್ಲಿ ಪಾಕಿಸ್ತಾನ, ಈಶಾನ್ಯದಲ್ಲಿ ಜಪಾನ್, ದಕ್ಷಿಣದಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿ, ಈ ಮೂರರ ನಡುವಿನ ತ್ರಿಕೋನ ಇದರ ಮುಖ್ಯ ನೆಲೆ. ಭಾರತ ಪೂರ್ತಿ ಅದರೊಳಗಿದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಸೈನಿಕರನ್ನು ದೊಡ್ಡ ಸಂಖ್ಯೆಯಲ್ಲಿ ಮಲಗಿಸಿದ ಜ್ವರಗಳಲ್ಲಿ ಇದೂ ಒಂದು. ಆಗ ಔಷಧ ಇರಲಿಲ್ಲ. ಕ್ಲೋರಾಂಫೆನಿಕಾಲ್ ಕೆಲಸ ಮಾಡುತ್ತದೆ ಎಂದು ಮಲಯದಲ್ಲಿ ತಿಳಿದುಬಂದದ್ದು 1948ರಲ್ಲಿ.

ವಿಪರ್ಯಾಸ ಏನೆಂದರೆ, ಈ ರೋಗ ಹೊತ್ತ ಜಾತಿಗಳ ಕಡಿತ ಸಾಮಾನ್ಯವಾಗಿ ತುರಿಸುವುದೇ ಇಲ್ಲ. ನವೆ ಎಂಬುದು ಜೊಲ್ಲಿನ ವಿರುದ್ಧ ದೇಹ ಎಬ್ಬಿಸುವ ಗಲಾಟೆ; ಇವು ಆ ಗಲಾಟೆ ಏಳದಂತೆ ಕಚ್ಚಿ ಹೋಗುತ್ತವೆ. ಒಂದೇ ಹುಲ್ಲಿನಲ್ಲಿ ಎರಡೂ ಬಗೆಯವು ಇರಬಲ್ಲವು. ಗಂಡನಿಗೆ ನಿದ್ದೆಗೆಡಿಸಿದ 58 ಕಡಿತಗಳಿಂದ ಆದದ್ದು ಕಿರಿಕಿರಿ. ಹೆಂಡತಿಗೆ ಗೊತ್ತೇ ಆಗದ ಒಂದು ಕಡಿತ ಆಸ್ಪತ್ರೆ ತೋರಿಸಿತು. ಕಡಿತದಿಂದ ಜ್ವರದವರೆಗೆ ಸಾಮಾನ್ಯವಾಗಿ 6ರಿಂದ 21 ದಿನ ಹಿಡಿಯುತ್ತದೆ. ಇವರಿಗೆ ಒಂಬತ್ತನೆಯ ದಿನ ಬಂದಿತ್ತು, ಅಷ್ಟರಲ್ಲಿ ಪಾಳುಜಾಗದ ನೆನಪು ಗಂಡನ ಗುಳ್ಳೆಗಳ ಜೊತೆಗೇ ಮಾಸಿತ್ತು.

ರಕ್ತದಲ್ಲಿ ಪ್ಲೇಟ್‌ಲೆಟ್ 1,10,000ಕ್ಕೆ ಇಳಿದಿತ್ತು, ಯಕೃತ್ತಿನ ಕಿಣ್ವಗಳು ಸ್ವಲ್ಪ ಏರಿದ್ದವು. ಎರಡೂ ಡೆಂಗಿಯನ್ನೇ ಹೋಲುತ್ತವೆ. ಹಕ್ಕಳೆ ಸಿಗದಿದ್ದರೆ ನಾನೂ ಎರಡನೆಯ ಡೆಂಗಿ ಪರೀಕ್ಷೆ ಬರೆಯುತ್ತಿದ್ದೆನೇನೋ. ಸ್ಕ್ರಬ್ ಟೈಫಸ್‌ಗೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಗೆ ಕಳಿಸಿದೆ, ಆದರೆ ಫಲಿತಾಂಶಕ್ಕೆ ಕಾಯಲಿಲ್ಲ. ಮೊದಲ ವಾರದಲ್ಲಿ ಆ ಪರೀಕ್ಷೆ ಸುಳ್ಳಾಗಿ "ಇಲ್ಲ" ಎನ್ನಬಹುದು, ಕಾಯುವಷ್ಟರಲ್ಲಿ ರೋಗ ಶ್ವಾಸಕೋಶ, ಮೂತ್ರಪಿಂಡ, ಮೆದುಳಿನ ಪೊರೆಗೆ ಇಳಿಯಬಹುದು. ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಂಡು ಅಂದೇ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಶುರು ಮಾಡಿದೆ, ಏಳು ದಿನ. ಗರ್ಭಿಣಿಯಾಗಿದ್ದರೆ ಅಜಿತ್ರೊಮೈಸಿನ್ ಕೊಡುತ್ತಿದ್ದೆ. ತುಂಬಿದ ಲೋಟ ನೀರಿನೊಂದಿಗೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳ ಸುಡುತ್ತದೆ; ಬಿಸಿಲಿಗೆ ಮೈ ಒಡ್ಡಬೇಡಿ. ಹಿಂದೆ ನುಂಗಿದ್ದ ಸೆಫಲೊಸ್ಪೋರಿನ್ ಸೋತದ್ದರಲ್ಲಿ ಆಶ್ಚರ್ಯವಿಲ್ಲ. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿ ಬದುಕುತ್ತದೆ, ಪೆನ್ಸಿಲಿನ್ ಬಳಗದ ಔಷಧಗಳು ಅದರ ಮೇಲೆ ನಾಟುವುದಿಲ್ಲ.

ಎರಡನೆಯ ದಿನ ರಾತ್ರಿ ಜ್ವರ ಬಿಟ್ಟಿತು. ಡಾಕ್ಸಿಸೈಕ್ಲಿನ್‌ಗೆ ಹೀಗೆ 48 ಗಂಟೆಯೊಳಗೆ ಜ್ವರ ಇಳಿಯುವುದೇ ರೋಗದ ಗುರುತಿಗೆ ಒಂದು ಸಾಕ್ಷಿ. ಐಜಿಎಂ ಫಲಿತಾಂಶ ಆಮೇಲೆ ಬಂತು, ಪಾಸಿಟಿವ್.

ನನ್ನ ಮೊದಲ ದಿನದ ಚೀಟಿ ತೆಗೆದು ನೋಡಿದೆ. ಕೊನೆಯ ಸಾಲಿನಲ್ಲಿ "ಮೂರು ವಾರದೊಳಗೆ ಜ್ವರ ಬಂದರೆ ಬರುವುದು" ಎಂದು ಬರೆದಿದ್ದೇನೆ. ಗಂಡನ ಹೆಸರಿನ ಚೀಟಿಯಲ್ಲಿ, ಗಂಡನಿಗೆ. ಪಕ್ಕದ ಕುರ್ಚಿಯಲ್ಲಿ ಕುಳಿತು ಉಗುರುಬಣ್ಣದ ಮಾತಿಗೆ ನಗುತ್ತಿದ್ದ ಹೆಂಡತಿಯನ್ನು, ನೀವೂ ಹೋಗಿದ್ದಿರಲ್ಲವೇ ಎಂದು ಕೇಳಿ ತಿಳಿದುಕೊಂಡವನು ನಾನೇ. ಆದರೆ ಆ ಸಾಲು ಅವರಿಗೂ ಅನ್ವಯಿಸುತ್ತದೆ ಎಂದು ಹೇಳಿರಲಿಲ್ಲ. ಹೇಳಿದ್ದರೆ ಬೇರೆಡೆ ಕಳೆದ ಮೂರು ದಿನ ಉಳಿಯುತ್ತಿತ್ತು. ಈಗ ಯಾರಾದರೂ ಚಿಗ್ಗರ್ ಗುಳ್ಳೆ ತೋರಿಸಲು ಬಂದರೆ ಅವರ ಜೊತೆ ಹುಲ್ಲಿಗೆ ಇಳಿದವರೆಲ್ಲರ ಪಟ್ಟಿ ಕೇಳುತ್ತೇನೆ, ತುರಿಕೆ ಇಲ್ಲದವರದೂ ಸೇರಿ.

ಇದಾದ ಒಂದು ತಿಂಗಳಿಗೆ ಅಳತೆ ಮುಗಿಸಲು ಅವರು ಮತ್ತೆ ಅಲ್ಲಿಗೆ ಹೋಗಬೇಕಾಯಿತು. ಹೋಗುವ ಮೊದಲು ಕೇಳಿದರು. ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ. ಬಟ್ಟೆಗೆ ಪರ್ಮೆತ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿಕೊಳ್ಳಿ, ಅದನ್ನು ಮೈಗೆ ಹಚ್ಚಬೇಡಿ. ಬಟ್ಟೆ ಮುಚ್ಚದ ಮೈಗೆ ಡೀಟ್ ಎಂಬ ಕೀಟನಿವಾರಕ ಇರುವ ಮುಲಾಮು. ಹುಲ್ಲಿನ ಮೇಲೆ, ದಿಮ್ಮಿಯ ಮೇಲೆ ಕೂರಬೇಡಿ. ಬಂದ ಕೂಡಲೇ ಸ್ನಾನ. ಹಾಗೆಯೇ, ಕುತೂಹಲವಿದ್ದರೆ ಒಂದು ಕಪ್ಪು ರಟ್ಟು ಒಯ್ದು ಹುಲ್ಲಿನಲ್ಲಿ ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೋಡಿ ಎಂದೆ.

ಸಂಜೆ ಮೊಬೈಲಿಗೆ ಫೋಟೊ ಕಳಿಸಿದರು. ಹುಲ್ಲು, ಅದರ ನಡುವೆ ಅಂಗೈಯಗಲದ ಕಪ್ಪು ರಟ್ಟು, ಬೇರೇನೂ ಇಲ್ಲ. ಹಿಗ್ಗಿಸಿ ನೋಡಿದೆ. ರಟ್ಟಿನ ಮೇಲಂಚಿನ ಉದ್ದಕ್ಕೂ ಅರಿಸಿನದ ಪುಡಿ ಉದುರಿದಂತೆ ಕಿತ್ತಳೆ ಚುಕ್ಕೆಗಳು ತುದಿಗೆ ಬಂದು ಕಾದು ಕುಳಿತಿದ್ದವು. ಕೆಳಗೆ ಹೆಂಡತಿ ಬರೆದಿದ್ದರು: "ಎಣಿಸಲು ಆಗಲಿಲ್ಲ ಡಾಕ್ಟರೇ, ಓಡಾಡುತ್ತಿದ್ದವು."